ಪರ್ಸಿನಲ್ಲೇ ಉಳಿದ ಐಸಿ

ದೆವ್ವ, ಗಾಳಿ, ಪವಾಡ ಎಂದು ಯಾರಾದರೂ ಬಾಯಿ ತೆರೆದರೆ ನಾನು ಎದ್ದು ಹೋಗುವವಳು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ನಮ್ಮಲ್ಲಿ ಬೇಕಾದಷ್ಟಿದ್ದಾರೆ, ಅವರ ಸಾಲಿಗೆ ನನ್ನನ್ನು ಸೇರಿಸಬೇಡಿ. ಹದಿನೆಂಟು ವರ್ಷದಿಂದ ಕೆ.ಆರ್. ನಗರದ ಬಸ್ ಸ್ಟ್ಯಾಂಡಿನ ಹಿಂದೆ ರಿಪೇರಿ ಅಂಗಡಿ ಇಟ್ಟಿದ್ದೇನೆ. ಮಿಕ್ಸಿ, ಟಿ.ವಿ., ಆಂಪ್ಲಿಫೈಯರ್ ಎಲ್ಲವನ್ನೂ ಬಿಚ್ಚಿದ್ದೇನೆ. ಒಳಗೆ ಜಿರಳೆ ಸಿಕ್ಕಿದೆ, ಹಲ್ಲಿ ಸಿಕ್ಕಿದೆ, ದೇವರು ಸಿಕ್ಕಿಲ್ಲ. ಈಗ ಹೇಳುವುದನ್ನು ಕೇಳಿ ನೀವು ನಗುವುದಾದರೆ ನಗಿ. ಕಂಡದ್ದನ್ನು ನಾನು ಬದಲಾಯಿಸಿ ಹೇಳಲಾರೆ.

ನಮ್ಮೂರು ಮಿರ್ಲೆಯ ಹತ್ತಿರ. ಸುಗ್ಗಿ ಮುಗಿದ ಮೇಲೆ ಗಂಡಸರು ಪೌರಾಣಿಕ ನಾಟಕ ಆಡುವುದು ಅಲ್ಲಿಯ ವಾಡಿಕೆ. ಐದಾರು ವರ್ಷದ ಹಿಂದೆ ನಮ್ಮೂರಿನ ಮಹಿಳಾ ಸಂಘದ ಹೆಂಗಸರು ನಾವೂ ಆಡುತ್ತೇವೆ ಎಂದು ಹೊರಟರು. ಮುಂದಾಳು ಚಿಕ್ಕತಾಯಕ್ಕ. ಎರಡು ಎಕರೆ ಗದ್ದೆಯನ್ನು ಒಬ್ಬಳೇ ಮಾಡಿಸುವ, ಐವತ್ತು ದಾಟಿದ ಹೆಂಗಸು. ರಾಜನ ಪಾತ್ರ ಅವಳದೇ. ಮೇಷ್ಟ್ರೊಬ್ಬರನ್ನು ಗೊತ್ತು ಮಾಡಿಕೊಂಡು ಆರು ತಿಂಗಳು ಶಾಲೆಯ ಜಗಲಿಯ ಮೇಲೆ ತಾಲೀಮು ನಡೆಸಿದರು. ಹಾಲು ಕರೆದು, ಡೈರಿಗೆ ಹಾಕಿ, ಮುದ್ದೆ ತೊಳಸಿಟ್ಟು ಬಂದು ಹಾಡುತ್ತಿದ್ದರು.

ಊರ ಯಜಮಾನರಿಗೆ ಇದು ಸುತರಾಂ ಹಿಡಿಸಲಿಲ್ಲ. ಹೆಂಗಸರ ದನಿ ಮೂರನೇ ಸಾಲು ದಾಟುವುದಿಲ್ಲ ಎಂಬುದು ಅವರ ವಾದ. ಕೊನೆಗೆ ಒಂದು ಷರತ್ತು ಹಾಕಿದರು. ಭಾನುವಾರ ಸಾಯಂಕಾಲ ನಾಲ್ಕಕ್ಕೆ ಬಂದು ಶಾಲೆ ಮೈದಾನದ ಆ ತುದಿಯ ಹುಣಸೆಮರದ ಕೆಳಗೆ ಕೂರುತ್ತೇನೆ, ಅಲ್ಲಿಗೆ ಪದ ಬಿಡಿಸಿ ಕೇಳಿಸಿದರೆ ಆಡಿ, ಇಲ್ಲದಿದ್ದರೆ ಇನ್ನು ಈ ಮಾತೇ ಎತ್ತಬೇಡಿ ಎಂದರು. ಮೈಕು ಬಳಸಲು ಅಡ್ಡಿ ಹೇಳಲಿಲ್ಲ.

ತಾಲೀಮಿಗೆಂದು ಒಂದು ಮೈಕು, ಒಂದು ಪುಟ್ಟ ಆಂಪ್ಲಿಫೈಯರ್ ಕೊಟ್ಟಿದ್ದವಳು ನಾನೇ. ಆ ವಾರ ಅದರ ಫ್ಯೂಸು ಹೋಯಿತು. ಹೊಸದು ತರುವ ಸೋಮಾರಿತನಕ್ಕೆ ವೈರಿನಿಂದ ಒಂದೆಳೆ ತಾಮ್ರದ ತಂತಿ ಕಿತ್ತು ಸುತ್ತಿಬಿಟ್ಟೆ. ನಮ್ಮ ಕಡೆ ಮನೆಮನೆಯಲ್ಲೂ ಮಾಡುವ ಕೆಲಸ ಅದು. ಅದಕ್ಕಾಗಿ ಗಿರಾಕಿಗಳಿಗೆ ನಾನೇ ವಾಚಾಮಗೋಚರ ಬೈದಿದ್ದೇನೆ. ಮಾರನೇ ದಿನ ಪಂಪ್‌ಸೆಟ್ಟಿಗೆ ತ್ರೀ ಫೇಸ್ ಬಿಟ್ಟಾಗ ವೋಲ್ಟೇಜು ಏರಿತು. ಫ್ಯೂಸಿದ್ದಿದ್ದರೆ ಅದು ಹೋಗಿ ಮಿಕ್ಕಿದ್ದು ಉಳಿಯುತ್ತಿತ್ತು. ತಂತಿ ಜಗ್ಗಲಿಲ್ಲ, ದನಿಯನ್ನು ದೊಡ್ಡದು ಮಾಡಿ ಸ್ಪೀಕರಿಗೆ ಕೊಡುವ ಐಸಿಯೇ ಸುಟ್ಟು ಕರಕಲಾಯಿತು. ತಪ್ಪು ನನ್ನದು. ಹೆಂಗಸರಿಗೆ ಹೇಳಲು ನಾಚಿಕೆಯಾಗಿ, ತೆಪ್ಪಗೆ ಮೈಸೂರಿಗೆ ಹೋಗಿ ಅದೇ ನಂಬರಿನ ಐಸಿಯನ್ನೂ ಸರಿಯಾದ ಫ್ಯೂಸನ್ನೂ ತಂದೆ.

ಭಾನುವಾರ ಮಧ್ಯಾಹ್ನ ಶಾಲೆಯ ಕೋಣೆಯಲ್ಲಿ ಕೂತು ಸುಟ್ಟ ಐಸಿಯನ್ನು ಬಿಡಿಸಿದೆ. ಅದರ ಕಾಲುಗಳಿದ್ದ ತೂತುಗಳನ್ನು ಶುಚಿ ಮಾಡಿದೆ. ಇನ್ನೇನು ಹೊಸದಕ್ಕೆ ಬೆಸುಗೆ ಹಾಕಬೇಕು, ಕರೆಂಟು ಹೋಯಿತು. ಫ್ಯೂಸು ಕೂರಿಸಿ, ಸ್ಕ್ರೂ ಕಳೆಯದಿರಲಿ ಎಂದು ಮುಚ್ಚಳ ಬಿಗಿದು, ಐಸಿಯನ್ನು ಪರ್ಸಿಗೆ ಹಾಕಿಕೊಂಡು ಲೈನ್‌ಮನ್ನನ್ನು ಹುಡುಕಿಕೊಂಡು ಹೋದೆ. ಮುಚ್ಚಿದ ಪೆಟ್ಟಿಗೆ ನೋಡಿದವರು ರಿಪೇರಿ ಮುಗಿಯಿತು ಅಂದುಕೊಳ್ಳುತ್ತಾರೆ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಲೈನ್‌ಮನ್ ಕರೆಂಟು ಕೊಡುವ ಹೊತ್ತಿಗೆ ನಾಲ್ಕಾಗಿತ್ತು. ಓಡೋಡಿ ಬಂದೆ. ಶಾಲೆಯ ಗೇಟು ಮುಟ್ಟುವ ಮೊದಲೇ ಚಿಕ್ಕತಾಯಕ್ಕನ ಪದ ಕೇಳಿಸಿತು. ಬರಿಗಂಟಲಿನ ದನಿಯಲ್ಲ. ಸ್ಪೀಕರಿನಿಂದ ಬರುವ ದನಿಯನ್ನು ನಾನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಗುರುತು ಹಿಡಿಯುತ್ತೇನೆ.

ಜಗಲಿ ಹತ್ತಿ ನೋಡಿದರೆ ಆಂಪ್ಲಿಫೈಯರಿನ ಕೆಂಪು ದೀಪ ಉರಿಯುತ್ತಿದೆ. ಅದೇನೂ ವಿಶೇಷವಲ್ಲ, ಐಸಿ ಇಲ್ಲದಿದ್ದರೂ ದೀಪ ಉರಿಯುತ್ತದೆ. ಬಗ್ಗಿ ಸ್ಪೀಕರಿನ ಬಟ್ಟೆಯ ಮೇಲೆ ಅಂಗೈ ಇಟ್ಟೆ. ಅವಳು ಎಳೆದ ಒಂದೊಂದು ರಾಗಕ್ಕೂ ಅದು ನನ್ನ ಕೈಯಡಿ ಅದುರುತ್ತಿತ್ತು. ಇನ್ನೊಂದು ಕೈಯಲ್ಲಿ ಪರ್ಸು ತೆರೆದೆ. ಐಸಿ ತನ್ನ ಕವರಿನಲ್ಲೇ ಇತ್ತು. ಹೆದರಿದೆ, ಸುಳ್ಳೇಕೆ ಹೇಳಲಿ. ಅಲ್ಲೇ ಕಂಬಕ್ಕೊರಗಿ ಕೂತುಬಿಟ್ಟೆ. ಮುಟ್ಟಿದರೆ ಎಲ್ಲಿ ನಿಂತುಹೋಗುತ್ತದೋ ಎಂದು ಮುಕ್ಕಾಲು ಗಂಟೆ ಆ ಪೆಟ್ಟಿಗೆಯ ತಂಟೆಗೆ ಹೋಗಲಿಲ್ಲ.

ಹಾಡು ಮುಗಿದ ಮೇಲೆ ಯಜಮಾನರು ಮೈದಾನ ದಾಟಿ ಬಂದರು. ಹೆಂಗಸರೆಲ್ಲ ಜಗಲಿಯ ಅಂಚಿಗೆ ಬಂದು ನಿಂತರು.

"ಆಡ್ಕಳ್ರವ್ವ, ನಂದೇನು ತಕರಾರಿಲ್ಲ," ಎಂದರು ಅವರು. "ಮೈಕು ಚೆಂದಾಗೈತೆ, ಅದ್ಕೇ ಕೇಳುಸ್ತು. ಇಲ್ದಿದ್ರೆ ನಿಮ್ ದನಿ ಎಲ್ಲಿ ಬತ್ತಿತ್ತು?"

ಚಿಕ್ಕತಾಯಕ್ಕ ತಲೆ ತಗ್ಗಿಸಿದಳು. ಗೆದ್ದವಳು ತಲೆ ತಗ್ಗಿಸಿದ್ದನ್ನು ಕಂಡು ನನಗೆ ಮೈಯೆಲ್ಲ ಉರಿದುಹೋಯಿತು. ಹೆದರಿಕೆ ಎಲ್ಲಿ ಹೋಯಿತೋ. ಸ್ಕ್ರೂಡ್ರೈವರ್ ತೆಗೆದುಕೊಂಡು ಅವರ ಎದುರಿಗೇ ಮುಚ್ಚಳ ಬಿಚ್ಚಿದೆ. ಒಳಗೆ ಐಸಿ ಹೇಗೋ ಇದ್ದುಬಿಟ್ಟಿರಲಿ ಎಂದು ಒಂದು ಮನಸ್ಸು ಬೇಡುತ್ತಿತ್ತು. ಇರಲಿಲ್ಲ. ನಾನು ಬಿಟ್ಟುಹೋದ ಹಾಗೆಯೇ ತೂತುಗಳು ಖಾಲಿ ಇದ್ದವು. ಪರ್ಸಿನಿಂದ ಕವರು ತೆಗೆದು ತೋರಿಸಿದೆ.

"ಯಜಮಾನ್ರೇ, ಇದಿಲ್ದೆ ಮೈಕು ಉಸ್ರೆತ್ತಲ್ಲ. ಇದು ನನ್ ಪರ್ಸಲ್ಲಿತ್ತು. ನೀವು ಕೇಳುದ್ದು ಇವ್ರ ಗಂಟ್ಲು."

ಅವರು ನಂಬಲಿಲ್ಲ, ಸ್ವಿಚ್ ಹಾಕಿ ಮಾತಾಡು ಎಂದರು. ಹಾಕಿದೆ. ಮೈಕಿಗೆ ಊದಿದೆ, ಕೂಗಿದೆ. ಚಿಕ್ಕತಾಯಕ್ಕನ ಕೈಗೆ ಕೊಟ್ಟು ಹಾಡಿಸಿದೆ. ಸ್ಪೀಕರು ಚಕಾರ ಎತ್ತಲಿಲ್ಲ. ಯಜಮಾನರು ಪೆಟ್ಟಿಗೆಯನ್ನೂ ನಮ್ಮನ್ನೂ ಒಂದೆರಡು ಸಲ ನೋಡಿ, ಟವೆಲಿನಿಂದ ಮುಖ ಒರೆಸಿಕೊಂಡು ಹೊರಟುಹೋದರು.

ಆಮೇಲೆ ಚಿಕ್ಕತಾಯಕ್ಕ ನನ್ನ ಕೈ ಹಿಡಿದು ಮೆಲ್ಲಗೆ, "ಊರಮ್ಮ ಬಂದಿದ್ಲು ಕಣವ್ವ. ಪೆಟ್ಗೆಗೇನೂ ಆಕ್ಬ್ಯಾಡ, ಅಂಗೇ ಪೂಜೆಗೆ ಮಡಗಾನ," ಎಂದಳು.

"ಆಡುದ್ದು ನೀನು ಕಣಕ್ಕ," ಎಂದೆ. "ಆರ್ ತಿಂಗ್ಳು ಗಂಟ್ಲು ಅರ್ಕಂಡೋಳು ನೀನು. ಅದ್ನ ಇನ್ಯಾರ್ಗೂ ಬುಟ್ಕೊಡ್ಬ್ಯಾಡ."

ಅವತ್ತೇ ಕೂತು ಬೆಸುಗೆ ಹಾಕಿದೆ. ಆಂಪ್ಲಿಫೈಯರ್ ಸರಿಯಾಯಿತು, ನಾಟಕವೂ ಆಯಿತು. ಆಮೇಲೆ ಅಂಗಡಿಯಲ್ಲಿ ಅದೇ ಬಗೆಯ ಬೋರ್ಡುಗಳನ್ನು ಐಸಿ ತೆಗೆದು ಎಷ್ಟೋ ಸಲ ಪರೀಕ್ಷೆ ಮಾಡಿ ನೋಡಿದ್ದೇನೆ. ಒಂದೂ ಪಿಟ್ಟೆಂದಿಲ್ಲ. ಬರಿಗಂಟಲೇ ಆ ಮರದವರೆಗೆ ಮುಟ್ಟಿತು ಎನ್ನೋಣವೆಂದರೆ, ಆ ಬಟ್ಟೆ ಅದುರಿದ್ದಕ್ಕೆ ನನ್ನ ಅಂಗೈಯೇ ಸಾಕ್ಷಿ. ಹಾಗಾದರೆ ಯಜಮಾನರಿಗೆ ಹೇಳಿದ್ದು ಸುಳ್ಳಾ ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡಿದ್ದೇನೆ. ಚಿಕ್ಕತಾಯಕ್ಕ ಹೇಳಿದ ಊರಮ್ಮನೇ ಎದುರು ಬಂದು ನಿಂತು ಕೇಳಿದರೂ ಅವತ್ತು ಹೇಳಿದ್ದನ್ನೇ ಹೇಳುತ್ತೇನೆ. ಆ ದನಿ ಸ್ಪೀಕರಿಗೆ ಹೇಗೆ ಬಂತೋ ನನಗೆ ಗೊತ್ತಿಲ್ಲ. ಯಾರದೆಂದು ಗೊತ್ತು.