ಹತ್ತು ಕೋಟಿಗೆ ಹನ್ನೊಂದು ಕಡಿಮೆ

ನಮ್ಮ ಅಣ್ಣಿಗೇರಿ ಪೇಟೆಯ ನೀಲಕ್ಕನಿಗೆ ಸೇರಿನಲ್ಲಿ ಜೋಳ ಅಳೆದು ಮಾರುವುದು ಕಸುಬು, ಲೆಕ್ಕದ್ದು ಹುಚ್ಚು. ಒಂಬತ್ತನೆಯ ಇಯತ್ತೆಗೇ ಶಾಲೆ ಬಿಡಿಸಿದರು. ಹುಚ್ಚು ಬಿಡಿಸಲು ಯಾರಿಂದಲೂ ಆಗಲಿಲ್ಲ. ಅರವತ್ತು ದಾಟಿದ ಮೇಲೆ ಆಕೆ ಒಂದು ಸಂಖ್ಯೆಯ ಬೆನ್ನು ಹತ್ತಿದಳು. ಹತ್ತು ಕೋಟಿಗೆ ಹನ್ನೊಂದು ಕಡಿಮೆ: ೯,೯೯,೯೯,೯೮೯. ಇದು ಅವಿಭಾಜ್ಯ, ಒಂದನ್ನೂ ತನ್ನನ್ನೂ ಬಿಟ್ಟು ಬೇರೆ ಯಾವುದರಿಂದ ಭಾಗಿಸಿದರೂ ಶೇಷ ಉಳಿಯುತ್ತದೆ ಎಂದು ಸ್ವಂತ ಕೈಯಿಂದ ಸಾಧಿಸಬೇಕೆಂಬ ಹಟ.

“ಮೊಬೈಲ್ ಈಗಿಂದೀಗ ಹೇಳತೈತಿ, ನೀಲಕ್ಕಾ,” ಎಂದೆ.

“ಮೊಬೈಲಿಗೆ ಗೊತ್ತಾದ್ರ ನನಗ ಗೊತ್ತಾದಂಗನು?” ಎಂದು ನನ್ನನ್ನೇ ಗದರಿದಳು.

ಹತ್ತು ಸಾವಿರವನ್ನು ಹತ್ತು ಸಾವಿರದಿಂದ ಗುಣಿಸಿದರೆ ಹತ್ತು ಕೋಟಿ. ಹಾಗಾಗಿ ಈ ಸಂಖ್ಯೆ ಒಡೆಯುವುದೇ ಆದರೆ ಒಂದು ತುಂಡು ಹತ್ತು ಸಾವಿರದೊಳಗೆ ಇರಲೇಬೇಕು. ಅದರೊಳಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು. ಸಾಕು ಎಂದರೂ ಅವು ಸಾವಿರದ ಇನ್ನೂರ ಇಪ್ಪತ್ತೊಂಬತ್ತು! ದೊಡ್ಡದರಿಂದ ಶುರುಮಾಡಿ, ಗಿರಾಕಿಗಳ ನಡುವೆ ಭಾಗಿಸುತ್ತ ಮೂರು ವರ್ಷ ಕಳೆದಳು.

ಮುಗಿಸಿದ ಸುದ್ದಿ ಹೈಸ್ಕೂಲಿಗೆ ಮುಟ್ಟಿತು. ಗಣಿತ ದಿನಕ್ಕೆ ಕರೆದರು. ಬೆಂಗಳೂರಿನಿಂದ ಹೊಸದಾಗಿ ಬಂದ ಗಣಿತದ ಟೀಚರ್ ರೋಹಿಣಿ ಹಿಂದಿನ ದಿನವೇ ನೋಟ್‌ಬುಕ್ ಒಯ್ದು ಪರೀಕ್ಷಿಸಿದ್ದರು. ತುಂಬಿದ ಸಭೆಯಲ್ಲಿ ಎದ್ದು ನಿಂತು ಅವರು ಹೇಳಿದ್ದೇನು?

“ಕ್ಷಮಿಸಿ ಅಮ್ಮ, ನಿಮ್ಮ ಪಟ್ಟಿ ಕ್ರಮಸಂಖ್ಯೆ ಎರಡರಿಂದ ಶುರುವಾಗಿದೆ. ಮೊದಲನೆಯದು, ೯೯೭೩ರಿಂದ ಭಾಗಿಸೋದು, ಬಿಟ್ಟುಹೋಗಿದೆ. ಒಂದು ಬಿಟ್ಟರೂ ಸಾಧಿಸಿದ ಹಾಗಾಗಲ್ಲ.”

ನನ್ನ ಮೈಯೆಲ್ಲ ಉರಿಯಿತು. ಮೂರು ವರ್ಷದ ದುಡಿಮೆ ನೀರುಪಾಲಾಗಬೇಕೆ! ನೀಲಕ್ಕನ ಮುಖ ಸಣ್ಣದಾಯಿತು, ಆದರೆ ದನಿ ಅಲ್ಲ.

“ಮೊದಲನೇ ಹಾಳಿ ನೋಡಿರೇನ್ರಿ?”

“ಅದು ಅಂಗಡಿ ಲೆಕ್ಕ ಅಲ್ವಾ? ‘ಲಾಭ, ೯೯೭೩, ಉಳಿದದ್ದು ೭೧೮’ ಅಂತಿದೆ.”

ಸಭೆಗೆ ಸಭೆಯೇ ಘೊಳ್ಳೆಂದಿತು. ಪಾಪ, ಕಾಳನ್ನು ಕಿಲೋದಲ್ಲಿ ತೂಗುವುದನ್ನಷ್ಟೇ ಕಂಡವರಿಗೆ ಹೇಗೆ ತಿಳಿಯಬೇಕು? ಸೇರಿನಲ್ಲಿ ಅಳೆಯುವವರು ಮೊದಲ ಸೇರಿಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಆಮೇಲೆ ಎರಡು, ಮೂರು.

“ಲಾಭ ಅಂದ್ರನ ಒಂದು ರೀ, ಟೀಚರ!” ಎಂದಳು ನೀಲಕ್ಕ.

ರೋಹಿಣಿ ನಕ್ಕರು, ಆದರೆ ಪಟ್ಟು ಬಿಡಲಿಲ್ಲ. ಸೀಮೆಸುಣ್ಣವನ್ನು ನೀಲಕ್ಕನ ಕೈಗೇ ಕೊಟ್ಟರು. ಎಲ್ಲರೂ ನೋಡುತ್ತಿದ್ದಂತೆ ಆಕೆ ಹಲಗೆಯ ಮೇಲೆ ಭಾಗಿಸಿದಳು. ಹತ್ತು ಸಾವಿರದ ಇಪ್ಪತ್ತೇಳು ಸಲ ಹೋಯಿತು. ಕೊನೆಯ ಕಳೆಯುವ ಲೆಕ್ಕಕ್ಕೆ ಬಂದಾಗ ನಾನು ಉಸಿರು ಬಿಗಿಹಿಡಿದೆ. ಉಳಿದದ್ದು ಏಳುನೂರ ಹದಿನೆಂಟು!

ಮಕ್ಕಳು ಬೆಂಚು ಬಡಿದರು, ಸಿಳ್ಳೆ ಹಾಕಿದರು. ರೋಹಿಣಿ ಹಲಗೆಯ ಮೇಲೆ ದೊಡ್ಡದಾಗಿ ‘ಅವಿಭಾಜ್ಯ’ ಎಂದು ಬರೆದರು.

“ಬರದ್ರ ಸಾಲದ್ರಿ. ಬಾಯಿಲೆ ಹೇಳ್ರಿ.”

“ಇದು ಅವಿಭಾಜ್ಯ ಸಂಖ್ಯೆ. ನೀಲಮ್ಮನವರು ಸಾಧಿಸಿದ್ದಾರೆ!”

ನೀಲಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಇನ್ನೊಮ್ಮೆ ಹೇಳ್ರಿ,” ಎಂದಳು. “ಜೋರ ಹೇಳ್ರಿ.”