ಸತ್ತವರ ಬಸ್ಸು ಬರೆದ ಅಕ್ಕ

ಮೊನ್ನೆ ಯಳಂದೂರಿನಲ್ಲಿ ಆಧಾರ್ ಕಾರ್ಡಿನ ಜೆರಾಕ್ಸ್ ಮಾಡಿಸುತ್ತಿದ್ದೆ. ಯಂತ್ರದಿಂದ ಬಂದ ಹಾಳೆ ಇನ್ನೂ ಬಿಸಿಯಾಗಿತ್ತು. ಆ ಬಿಸಿ ಇಂಕಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನ ಪಕ್ಕದ ಜೆರಾಕ್ಸ್ ಅಂಗಡಿಯ ಅಕ್ಕ ನೆನಪಾದರು...

ನಾನಾಗ ಒಂಬತ್ತನೇ ಕ್ಲಾಸು. ಅಪ್ಪ ತೀರಿಕೊಂಡ ಮೇಲೆ ಅವ್ವ ಸತ್ತೇಗಾಲದ ಮನೆಗೆ ಬೀಗ ಹಾಕಿ, ಅಕ್ಕನ ಅಂಗಡಿಯ ಹಿಂದಿನ ವಠಾರಕ್ಕೆ ನನ್ನನ್ನು ಕರೆತಂದಿದ್ದಳು. ಗಿರಾಕಿ ಇಲ್ಲದಾಗ ಅಕ್ಕ ಕಂಪ್ಯೂಟರಿನಲ್ಲಿ ಒಂದು ಕಾದಂಬರಿ ಟೈಪು ಮಾಡುತ್ತಿದ್ದರು. ನನ್ನ ವಯಸ್ಸಿನವರಿಗೆಂದೇ ಬರೆದದ್ದು. ಹಿರಿಯರ ಹಬ್ಬ ಮಾರ್ಲಮಿಗೆ ಎಡೆ ಉಣ್ಣಲು ಸತ್ತವರೆಲ್ಲ ಒಂದೇ ಬಸ್ಸಿನಲ್ಲಿ ಊರಿಗೆ ಬರುವ ಕತೆ. ಕಂಡಕ್ಟರ್ ಟಿಕೆಟ್ ಕೇಳಿದರೆ ಒಬ್ಬ ಮುದುಕ, "ಮೈಯಲ್ಲಿ ತೂಕನೇ ಇಲ್ವಲ್ಲಾ ಸಾ, ಆಫ್ ಟಿಕೆಟ್ ಕೊಡಿ" ಅಂತ ಜಗಳಕ್ಕೆ ನಿಲ್ಲುತ್ತಾನೆ. ಬದುಕಿದ್ದಾಗ ಮಾತು ಬಿಟ್ಟಿದ್ದ ಅತ್ತೆ ಸೊಸೆಗೆ ಅಕ್ಕಪಕ್ಕದ ಸೀಟೇ ಸಿಗುತ್ತದೆ. ಸಾವನ್ನು ಹೀಗೆ ಕಿಚಾಯಿಸಬಹುದು ಅಂತ ನನಗೆ ಗೊತ್ತೇ ಇರಲಿಲ್ಲ. ನಾನು ದಿನಾ ನೋಡುವ ಬಸ್ ಸ್ಟ್ಯಾಂಡಿನಿಂದಲೇ ಈ ಹೆಂಗಸು ಇನ್ನೊಂದು ಲೋಕವನ್ನು ಎಬ್ಬಿಸುತ್ತಿದ್ದರು. ಬೆರಗಾಗಿ ಕೂತಿರುತ್ತಿದ್ದೆ.

ಆ ವರ್ಷ ಅಪ್ಪನಿಗೆ ಮೊದಲ ಎಡೆ. ನನಗೆ ಒಂದೇ ದಿಗಿಲು. ಅಕ್ಕನಿಗೆ ಮಾತ್ರ ಹೇಳಿದೆ.

"ಅಕ್ಕಾ, ನಮ್ಮಪ್ಪ ಸತ್ತೇಗಾಲದ ಮನೆಗೇ ಓಯ್ತದೆ. ನಾವು ಇಲ್ಲಿಗ್ ಬಂದಿರದು ಅದಕ್ಕೆ ಎಂಗ್ ಗೊತ್ತಾದದು?"

ಅಕ್ಕ ನಗಲಿಲ್ಲ. ಟೈಪು ನಿಲ್ಲಿಸಿ, "ನಿಮ್ಮವ್ವ ಎಡೆಗೆ ಏನ್ ಮಾಡ್ತದವ್ವ?" ಅಂದರು.

"ಮೀನ್ ಸಾರು. ಎಡೆ ಇಡೋ ಗಂಟ ರುಚಿ ನೋಡಂಗಿಲ್ವಲ್ಲ, ಪ್ರತಿ ಸಲವೂ ಉಪ್ಪು ಜಾಸ್ತಿ ಆಯ್ತದೆ. ಅಪ್ಪ ಇದ್ದಾಗ ಬಯ್ಕಂಡೇ ಉಣ್ತಿದ್ದುದು."

ಹಬ್ಬದ ಹಿಂದಿನ ದಿನ ಹೊಸ ಅಧ್ಯಾಯದ ಹಾಳೆಗಳನ್ನು ಕೈಗಿಟ್ಟರು. ಅದರಲ್ಲಿ ಒಬ್ಬ ಸತ್ತವನು ಸತ್ತೇಗಾಲದಲ್ಲಿ ಇಳಿದು, ಮನೆಗೆ ಬೀಗ ಕಂಡು, ಗೋಡೆಯ ಮೇಲಿನ ಹಲ್ಲಿಯನ್ನು ವಿಳಾಸ ಕೇಳಿ ಬೈಸಿಕೊಂಡು, ಕೊಳ್ಳೇಗಾಲಕ್ಕೆ ನಡೆದೇ ಬರುತ್ತಾನೆ. ಬೀದಿಬೀದಿಯ ಎಡೆಗಳನ್ನು ಕದ್ದು ರುಚಿ ನೋಡುತ್ತಾನೆ. ಎಲ್ಲವೂ ಹದವಾಗಿವೆ, ಯಾವುದೂ ಅವನ ಮನೆಯದಲ್ಲ. ಕೊನೆಗೆ ಒಂದು ವಠಾರದಲ್ಲಿ ಬಾಯಿಗಿಟ್ಟ ತುತ್ತು ಬರೀ ಉಪ್ಪು. "ಥೂ, ಇವ್ಳೇ ಕಣ" ಅಂತ ಚಕ್ಕಳಮಕ್ಕಳ ಹಾಕಿ ಉಣ್ಣಲು ಕೂರುತ್ತಾನೆ.

ಬಿದ್ದು ಬಿದ್ದು ನಕ್ಕೆ. ಅಪ್ಪ ಸತ್ತ ದಿನವೂ ಬಾರದಿದ್ದ ಅಳು ಆಮೇಲೆ ಬಂತು. ಮಾರನೇ ದಿನ ಎಡೆ ಇಟ್ಟು, ಹಿರಿಯರು ಉಣ್ಣಲೆಂದು ಬಾಗಿಲು ಮುಂದೆ ಮಾಡಿ ಹೊರಗೆ ಕೂತಾಗ ನನಗೆ ದಿಗಿಲಿರಲಿಲ್ಲ. ಅಪ್ಪ ಒಳಗೆ ಬಯ್ಯುತ್ತ ಉಣ್ಣುತ್ತಿದ್ದಾನೆ ಅಂತ ಖಾತ್ರಿಯಾಗಿತ್ತು.

ಪುಸ್ತಕ ಅಚ್ಚಾದ ಮೇಲೆ ಆ ಅಧ್ಯಾಯವನ್ನು ಅವ್ವನಿಗೆ ಓದಿ ಹೇಳಿದೆ. "ನಾ ಏನ್ ಅಷ್ಟೊಂದ್ ಉಪ್ಪಾಕ್ತಿದ್ನಾ?" ಅಂತ ಸಿಡುಕಿದಳು. ಆಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಇನ್ನೊಂದ್ಸಲ ಓದು ಅಂದಳು.

ಈ ವರ್ಷದ್ದು ಅಕ್ಕ ತೀರಿಕೊಂಡ ಮೇಲಿನ ಮೊದಲ ಮಾರ್ಲಮಿ. ಅಂಗಡಿಯಲ್ಲಿ ಈಗ ಯಾರೋ ಮೊಬೈಲ್ ಕವರ್ ಮಾರುತ್ತಾರೆ. ಎರಡನೇ ಕಾದಂಬರಿ ಅರ್ಧಕ್ಕೇ ನಿಂತುಹೋಯಿತು... ಹಬ್ಬದ ದಿನ ಅವ್ವ ಸಾರಿಗೆ ಬೇಕೆಂದೇ ಇನ್ನೊಂದು ಹಿಡಿ ಉಪ್ಪು ಹಾಕಿದಳು. ನಾನು ನೋಡಿದ್ದಕ್ಕೆ, "ಆಯಮ್ಮ ಬರ್ದಾಗಿಂದ ನಂಗೂ ಭಯ ಕಣವ್ವ. ಕಮ್ಮಿ ಆದ್ರೆ ನಿಮ್ಮಪ್ಪ ಎಲ್ ದಾರಿ ತಪ್ತದೋ" ಅಂದಳು.

ಈ ಮಾತು ಸಿಕ್ಕಿದ್ದರೆ ಅಕ್ಕ ಇನ್ನೊಂದು ಅಧ್ಯಾಯವನ್ನೇ ಬರೆಯುತ್ತಿದ್ದರು. ಹೇಳೋಣವೆಂದರೆ ಅವರಿಲ್ಲ.