ಸುಮ್ಮನಾದರೆ ಕೂಗುವ ಪ್ರೋಗ್ರಾಂ

ಸಹಕಾರನಗರದ ಶಶಿರೇಖಾಗೆ ಗದ್ದಲವೆಂದರೆ ಭಯವಿಲ್ಲ, ಸದ್ದಿಲ್ಲದಿದ್ದರೇ ಭಯ. ಕುಕ್ಕರ್ ಕೂಗದಿದ್ದರೆ ಅಡುಗೆಮನೆಗೆ ಓಡುತ್ತಾಳೆ. ಗಂಡ ನಂದಕುಮಾರ್ ಅರ್ಧ ದಿನ ಫೋನ್ ಮಾಡದಿದ್ದರೆ ಅವನ ಪಕ್ಕದ ಸೀಟಿನವರಿಗೇ ಫೋನ್ ಹಚ್ಚುತ್ತಾಳೆ. 2018ರಲ್ಲಿ ಹೆಬ್ಬಾಳದ ಆಫೀಸಿನಲ್ಲಿ ಅವಳಿಗೆ ಸಿಕ್ಕ ಕೆಲಸವೂ ಸ್ವಭಾವಕ್ಕೆ ತಕ್ಕದ್ದೇ. ಡೇರಿಗಳಲ್ಲಿ ಹಾಲು ತಂಪಾಗಿಡುವ ಕೂಲರ್‌ಗಳು ನಿಮಿಷಕ್ಕೊಂದು ಸಂದೇಶ ಕಳಿಸುತ್ತವೆ. ಪ್ರತಿ ಕೂಲರಿನ ಕೊನೆಯ ಸಂದೇಶವನ್ನು ಅವಳ ಪ್ರೋಗ್ರಾಂ ನೆನಪಿಟ್ಟುಕೊಳ್ಳಬೇಕು, ಐದೈದು ನಿಮಿಷಕ್ಕೆ ಆ ನೆನಪನ್ನೆಲ್ಲ ತಡಕಿ ನೋಡಬೇಕು, ಸುಮ್ಮನಾದ ಕೂಲರಿನ ಡೇರಿಗೆ ಫೋನ್ ಮಾಡಬೇಕು.

ಆಫೀಸಿನಲ್ಲಿ ನೂರು ನಕಲಿ ಕೂಲರ್ ಇಟ್ಟು ಪರೀಕ್ಷೆ ಮಾಡಿದಳು. ಯಾವುದರ ಬಾಯಿ ಮುಚ್ಚಿಸಿದರೂ ಪ್ರೋಗ್ರಾಂ ಹಿಡಿದೇಬಿಟ್ಟಿತು. ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಮೊದಲ ಪ್ರಯೋಗಕ್ಕೆ ಸಿಕ್ಕಿದ್ದು ಯಲಹಂಕದಾಚೆಯ ಹೆಂಗಸರ ಡೇರಿಯ ಒಂದೇ ಒಂದು ಕೂಲರ್. ಅಲ್ಲಿನ ಅಧ್ಯಕ್ಷೆ ದ್ರೌಪದಮ್ಮ ಅವಳ ಸೋದರತ್ತೆ. ಹಿಂದಿನ ತಿಂಗಳು ಒಂದು ರಾತ್ರಿ ಕರೆಂಟ್ ಹೋದದ್ದು ಯಾರಿಗೂ ತಿಳಿಯದೆ ಊರಿನ ಹಾಲೆಲ್ಲ ಕೆಟ್ಟು ಚರಂಡಿ ಸೇರಿತ್ತು.

"ನಮ್ಮಣ್ಣನ ಮಗಳು ಮಾಡವ್ಳೆ ಅಂತ ಎಲ್ರುನ್ನೂ ಒಪ್ಸಿವ್ನಿ. ನನ್ ಮಾನ ಕಳೀಬೇಡ ಕಣವ್ವ," ಎಂದು ದ್ರೌಪದಮ್ಮ, ಡೇರಿಗೆ ಬಂದಿದ್ದ ಶಶಿರೇಖಾಳ ಎದುರಿಗೇ ಪರೀಕ್ಷೆಗೆಂದು ಕೂಲರಿನ ಪ್ಲಗ್ ಕಿತ್ತರು.

ಐದು ನಿಮಿಷವಾಯಿತು, ಹತ್ತಾಯಿತು. ಡೇರಿಯ ಫೋನ್ ತೆಪ್ಪಗಿತ್ತು. "ಇದೂ ಕರೆಂಟ್ ಜತೆಗೇ ಮಲಿಕ್ಕೊಂತಲ್ಲವ್ವ!" ಎಂದರು ಹಾಲು ಹಾಕುವ ಮುನಿಕೃಷ್ಣಮ್ಮ. ಹೆಂಗಸರೆಲ್ಲ ಗೊಳ್ಳೆಂದರು. ದ್ರೌಪದಮ್ಮನ ಮುಖ ಸಪ್ಪಗಾಯಿತು. ಹಾಲು ಕೆಟ್ಟೀತೆಂದು ಪ್ಲಗ್ ಮತ್ತೆ ಸಿಕ್ಕಿಸಿದರು. ಆಗ ಹೊಡೆದುಕೊಂಡಿತು ನೋಡಿ ಫೋನ್! "ನಿಮ್ಮ ಕೂಲರ್ ಸುಮ್ಮನಾಗಿದೆ."

ನಗು ಇಮ್ಮಡಿಯಾಯಿತು. ಬೇರೆ ಯಾರಾದರೂ ಅತ್ತುಬಿಡುತ್ತಿದ್ದರು. ಶಶಿರೇಖಾ ಮಾತ್ರ ಕುಣಿದಳು.

"ಗೊತ್ತಾಯ್ತು ಅತ್ತೆ! ನನ್ ಪ್ರೋಗ್ರಾಂಗೆ ಗಡಿಯಾರ ಅಂದ್ರೆ ಈ ಸಂದೇಶಗಳೇ. ಹೊಸದು ಬಂದ್ರೆ ತಾನೆ ಅದಕ್ಕೆ ಹೊತ್ತು ಮುಂದಕ್ಕೆ ಹೋಗೋದು! ಆಫೀಸಲ್ಲಿ ಒಂದು ಸುಮ್ಮನಾದ್ರೂ ಮಿಕ್ಕಿದ್ದೆಲ್ಲ ಮಾತಾಡ್ತಾ ಗಡಿಯಾರ ನಡೆಸ್ತಿದ್ವು. ಇಲ್ಲಿರೋದೇ ಒಂದು. ಅದು ಸುಮ್ಮನಾದ್ರೆ ಐದು ನಿಮಿಷ ಆಗೋದೇ ಇಲ್ಲ! ಪ್ಲಗ್ ಹಾಕಿ ಸಂದೇಶ ಬಂದ್ಮೇಲೇ ಅದಕ್ಕೆ ಹೊತ್ತು ಹೋಗಿದ್ದು ಗೊತ್ತಾಗಿದ್ದು!"

ಹಾಲಿನ ಕ್ಯಾನಿನ ಮೇಲೆ ಲ್ಯಾಪ್‌ಟಾಪ್ ಇಟ್ಟು, ಸಂದೇಶಗಳ ಹೊತ್ತನ್ನು ಬಿಟ್ಟು ಕಂಪ್ಯೂಟರಿನ ಸ್ವಂತ ಗಡಿಯಾರದ ಹೊತ್ತನ್ನೇ ನಂಬುವಂತೆ ಪ್ರೋಗ್ರಾಂ ತಿದ್ದಿದಳು. 

"ಅತ್ತೆ, ಇನ್ನೊಂದೇ ಸಲ!"

"ಈ ಸಲ ಬರ್ನಿಲ್ಲ ಅಂದ್ರೆ ನಿನ್ ಪೆಟ್ಗೆ ಎತ್ಕೊಂಡೋಗು," ಎಂದು ದ್ರೌಪದಮ್ಮ ಪ್ಲಗ್ ಕಿತ್ತರು. ಐದು ನಿಮಿಷವಾಯಿತು.

ಫೋನ್ ಹೊಡೆದುಕೊಂಡಿತು!

ಅಬ್ಬಾ, ಆ ಕೇಕೆ! ಮುನಿಕೃಷ್ಣಮ್ಮನೇ ಮೊದಲು ಬಂದು ಶಶಿರೇಖಾಳನ್ನು ತಬ್ಬಿಕೊಂಡರು. "ನಮ್ಮಣ್ಣನ ಮಗಳು!" ಎಂದು ದ್ರೌಪದಮ್ಮ ಒಬ್ಬೊಬ್ಬರಿಗೂ ಹೇಳಿಕೊಂಡು ಬಂದರು. ಎಲೆ ಅಡಿಕೆ ಬಂತು, ಟೀ ಬಂತು. ಅಷ್ಟರಲ್ಲಿ ಫೋನ್ ಮತ್ತೆ ಹೊಡೆದುಕೊಂಡಿತು.

"ಕೇಳಿಸ್ತು ಬಿಡವ್ವ, ಇನ್ನೂ ಯಾಕ್ ಬಡ್ಕಂತದೆ ಇದು?" ಎಂದರು ದ್ರೌಪದಮ್ಮ.

ಶಶಿರೇಖಾ ಟೀ ಲೋಟ ಕೆಳಗಿಟ್ಟು ಓಡಿದಳು. "ಅತ್ತೆ, ಹಾಲು! ಪ್ಲಗ್ ಹಾಕೇ ಇಲ್ಲ!"